20 ಕೊಟ್ಟರು, 21 ಓದಿತು: ಡ್ರೈವರ್‌ಗಳ ಆರ್ಗ್ಯುಮೆಂಟ್ ಲೆಕ್ಕ

2024ರ ಜುಲೈ 19, ಶುಕ್ರವಾರ. ನಮ್ಮ ಗಡಿಯಾರದಲ್ಲಿ ಬೆಳಗ್ಗೆ 9.39 ಆಗಿದ್ದಾಗ ಕ್ರೌಡ್‌ಸ್ಟ್ರೈಕ್ ಕಂಪನಿ ತನ್ನ ಫಾಲ್ಕನ್ ಎಂಬ ಸೆಕ್ಯುರಿಟಿ ಸಾಫ್ಟ್‌ವೇರ್‌ಗೆ ಒಂದು ಪುಟ್ಟ ಅಪ್‌ಡೇಟ್ ಕಳಿಸಿತು. ಸ್ವಲ್ಪ ಹೊತ್ತಿನಲ್ಲೇ ದೇಶ ದೇಶಗಳಲ್ಲಿ ವಿಂಡೋಸ್ ಕಂಪ್ಯೂಟರ್‌ಗಳ ಪರದೆ ನೀಲಿಯಾಗಿ ನಿಂತಿತು. ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ ಕೆಟ್ಟು ನಿಂತ ಕಂಪ್ಯೂಟರ್‌ಗಳು ಸುಮಾರು 85 ಲಕ್ಷ. ಭಾರತದ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟಿದ್ದು ಅವತ್ತೇ.

ಮುಂದಿನ ತಿಂಗಳು ಕಂಪನಿಯೇ ಕಾರಣ ಪ್ರಕಟಿಸಿತು. ಹ್ಯಾಕರ್ ಅಲ್ಲ, ವೈರಸ್ ಅಲ್ಲ, ಬರೀ ಎಣಿಕೆಯ ತಪ್ಪು. ಅಪ್‌ಡೇಟ್ ಫೈಲಿನ ನಿಯಮಗಳು 21 ಇನ್‌ಪುಟ್‌ಗಳು ಬರುತ್ತವೆ ಅಂತ ನಂಬಿದ್ದವು. ಅವನ್ನು ಒದಗಿಸುವ ಕೋಡ್ ಕೊಡುತ್ತಿದ್ದದ್ದು 20. ಇದು ಫೆಬ್ರವರಿಯಿಂದಲೇ ಹೀಗಿತ್ತು. ಆದರೆ ಅಲ್ಲಿಯವರೆಗೆ 21ನೆಯ ಜಾಗದಲ್ಲಿ 'ಏನು ಬೇಕಾದರೂ ಇರಲಿ' ಎಂಬ ಗುರುತು ಇತ್ತು, ಹಾಗಾಗಿ ಅದನ್ನು ಯಾರೂ ಓದುತ್ತಲೇ ಇರಲಿಲ್ಲ. ಪರೀಕ್ಷೆ ಮಾಡಿದ್ದೂ ಅದೇ ಗುರುತು ಇಟ್ಟುಕೊಂಡೇ. ಜುಲೈ 19ರ ಫೈಲು ಮೊದಲ ಸಲ 21ನೆಯದನ್ನು ನಿಜವಾಗಿ ಕೇಳಿತು. ಪಟ್ಟಿ 20ಕ್ಕೇ ಮುಗಿದಿತ್ತು. ಪಟ್ಟಿಯಾಚೆಯ ಮೆಮೊರಿಗೆ ಕೈ ಹಾಕಿದ ಫಾಲ್ಕನ್‌ನ ಡ್ರೈವರ್ ಎಂಬ ಭಾಗ ಇಡೀ ಕಂಪ್ಯೂಟರ್ ಸಮೇತ ಬಿತ್ತು.

ಕೊಡುವವರ ಲೆಕ್ಕ ಒಂದು, ಓದುವವರ ಲೆಕ್ಕ ಇನ್ನೊಂದು. ಡ್ರೈವರ್ ಬರೆಯುವವರಿಗೆ ಇದು ಹಳೇ ತಲೆನೋವು. ನಾಳೆ ಇನ್ನೊಂದು ವಿವರ ಸೇರಿಸಬೇಕಾಗಿ ಬಂದರೆ ಇವತ್ತಿನದು ಮುರಿಯಬಾರದು, ಹಾಗೆ ಆರ್ಗ್ಯುಮೆಂಟ್‌ಗಳನ್ನು ಜೋಡಿಸುವುದು ಹೇಗೆ? ಉದಾಹರಣೆಗಳನ್ನು ಹೆಚ್ಚಾಗಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನಿಂದ ತೆಗೆದುಕೊಳ್ಳುತ್ತೇನೆ. ಅದರ ಕೋಡ್ ಯಾರು ಬೇಕಾದರೂ ತೆರೆದು ನೋಡಬಹುದು. ಆಂಡ್ರಾಯ್ಡ್ ಫೋನ್‌ಗಳ ಒಳಗಿರುವುದೂ ಅದೇ.

ಡ್ರೈವರ್ ಯಾರು, ಆರ್ಗ್ಯುಮೆಂಟ್ ಏನು?

ಕಂಪ್ಯೂಟರ್‌ನ ಮೆಮೊರಿ, ಪ್ರೊಸೆಸರ್, ಸಾಧನಗಳನ್ನೆಲ್ಲ ಹಿಡಿತದಲ್ಲಿ ಇಟ್ಟುಕೊಂಡಿರುವ ಮೂಲ ಸಾಫ್ಟ್‌ವೇರ್‌ಗೆ ಕರ್ನಲ್ ಅಂತಾರೆ. ಕ್ಯಾಮೆರಾ, ಪ್ರಿಂಟರ್, ವೈಫೈ ಚಿಪ್ ಹೀಗೆ ಒಂದೊಂದು ಸಾಧನವನ್ನು ನಡೆಸುವುದು ಹೇಗೆಂದು ಬಲ್ಲ ಕೋಡ್ ಡ್ರೈವರ್. ಅದು ಸಾಮಾನ್ಯವಾಗಿ ಕರ್ನಲ್ ಒಳಗೇ ಓಡುತ್ತದೆ. ಫಾಲ್ಕನ್‌ಗೆ ಯಾವ ಸಾಧನವೂ ಇಲ್ಲ, ಆದರೂ ಎಲ್ಲವನ್ನೂ ಗಮನಿಸಬೇಕಾದ್ದರಿಂದ ಅದರ ಒಂದು ಭಾಗ ಡ್ರೈವರ್ ಆಗಿ ಕರ್ನಲ್ ಒಳಗೆ ಕೂತಿರುತ್ತದೆ. ಆ್ಯಪ್ ತಪ್ಪು ಮಾಡಿದರೆ ಆ್ಯಪ್ ಮಾತ್ರ ಮುಚ್ಚಿಕೊಳ್ಳುತ್ತದೆ. ಕರ್ನಲ್ ಒಳಗೆ ತಪ್ಪಾದರೆ, ಇನ್ನೂ ಹೆಚ್ಚಿನ ಹಾನಿ ಆಗದಿರಲಿ ಎಂದು ವಿಂಡೋಸ್ ಇಡೀ ಯಂತ್ರವನ್ನೇ ನಿಲ್ಲಿಸುತ್ತದೆ. ಆ ನೀಲಿ ಪರದೆ ಅದೇ.

ಫಂಕ್ಷನ್ ಅಂದರೆ ಹೆಸರಿಟ್ಟ ಒಂದು ಕೆಲಸ. ಆ ಕೆಲಸಕ್ಕೆ ಕೊಡುವ ವಿವರಗಳೇ ಆರ್ಗ್ಯುಮೆಂಟ್. 'ವೀಡಿಯೊ ಸೈಜ್ ಹೊಂದಿಸು' ಎಂಬುದು ಫಂಕ್ಷನ್ ಆದರೆ 'ಅಗಲ 1280, ಎತ್ತರ 720' ಎಂಬುದು ಆರ್ಗ್ಯುಮೆಂಟ್. ವಿವರಗಳು ಜಾಸ್ತಿಯಾದಾಗ ಒಂದೊಂದಾಗಿ ಕೊಡುವುದಿಲ್ಲ. ಎಲ್ಲವನ್ನೂ ಒಂದರ ಪಕ್ಕ ಒಂದು ಜೋಡಿಸಿ ಒಂದೇ ಕಟ್ಟು ಮಾಡಿ, ಆ ಕಟ್ಟು ಮೆಮೊರಿಯಲ್ಲಿ ಎಲ್ಲಿದೆ ಅಂತ ಮಾತ್ರ ಹೇಳುತ್ತಾರೆ. ಸಿ ಭಾಷೆಯಲ್ಲಿ ಈ ಕಟ್ಟಿಗೆ ಸ್ಟ್ರಕ್ಟ್ ಅಂತಲೂ, ಅದರೊಳಗಿನ ಒಂದೊಂದು ವಿವರಕ್ಕೆ ಫೀಲ್ಡ್ ಅಂತಲೂ, ಅದರ ವಿಳಾಸಕ್ಕೆ ಪಾಯಿಂಟರ್ ಅಂತಲೂ ಹೆಸರು.

ಮುಖ್ಯವಾದ ಸಂಗತಿ ಏನೆಂದರೆ, ಓಡುವ ಹೊತ್ತಿಗೆ ಈ ಫೀಲ್ಡ್‌ಗಳ ಮೇಲೆ ಹೆಸರಿನ ಚೀಟಿ ಇರುವುದಿಲ್ಲ. ಬರೀ ಬೈಟ್‌ಗಳು. 'ಮೊದಲ 4 ಬೈಟ್ ಅಗಲ, ಮುಂದಿನ 4 ಎತ್ತರ' ಎಂಬ ನಕ್ಷೆ ಕೊಡುವವರ ಬಳಿಯೂ ಓದುವವರ ಬಳಿಯೂ ಒಂದೇ ಆಗಿರಬೇಕು. ಬೇರೆ ಬೇರೆ ಆದರೆ ಎಚ್ಚರಿಸುವವರು ಯಾರೂ ಇಲ್ಲ.

ಇಬ್ಬರೂ ಒಟ್ಟಿಗೆ ಹುಟ್ಟಿದವರಲ್ಲ

ಆ್ಯಪ್ ಮತ್ತು ಡ್ರೈವರ್ ಎರಡನ್ನೂ ಒಬ್ಬರೇ, ಒಂದೇ ದಿನ ಬರೆದಿದ್ದರೆ ಈ ಲೇಖನವೇ ಬೇಕಿರಲಿಲ್ಲ. ನಿಜದಲ್ಲಿ ಹಾಗಾಗುವುದಿಲ್ಲ. 10 ವರ್ಷದ ಹಿಂದಿನ ಆ್ಯಪ್ ಇವತ್ತಿನ ಕರ್ನಲ್ ಮೇಲೆ ಓಡಬೇಕು. ಇವತ್ತಿನ ಆ್ಯಪ್ 5 ವರ್ಷದಿಂದ ಅಪ್‌ಡೇಟ್ ಕಾಣದ ಕರ್ನಲ್ ಮೇಲೂ ಓಡಬೇಕು.

ತಾಲ್ಲೂಕು ಕಚೇರಿಯ ಅರ್ಜಿ ನಮೂನೆ ನೆನಪಿಸಿಕೊಳ್ಳಿ. ಕಚೇರಿ ಹೊಸ ಕಾಲಂ ಸೇರಿಸಿರುತ್ತದೆ, ಝೆರಾಕ್ಸ್ ಅಂಗಡಿಯಲ್ಲಿ ಮಾತ್ರ ಇನ್ನೂ ಹಳೇ ನಮೂನೆಯೇ ಸಿಗುತ್ತದೆ. ಅದನ್ನೇ ತುಂಬಿ ತಂದವರನ್ನು ವಾಪಸ್ ಕಳಿಸಬೇಕಾ, ಇಲ್ಲದ ಕಾಲಂ ಖಾಲಿ ಅಂತ ಭಾವಿಸಿ ಮುಂದುವರಿಯಬೇಕಾ? ಇದು ಒಂದು ಪ್ರಶ್ನೆ. ಇನ್ನೊಂದು ಅದರ ತಿರುಗುಮುರುಗು. ಹೊಸ ನಮೂನೆ ತುಂಬಿದವರು, ಹೊಸ ಆದೇಶ ಇನ್ನೂ ತಲುಪದ ನಾಡಕಚೇರಿಗೆ ಹೋದರು. ಗುಮಾಸ್ತರಿಗೆ ಆ ಕಾಲಂ ಏನೆಂದೇ ಗೊತ್ತಿಲ್ಲ. 'ಇದು ನನಗೆ ಗೊತ್ತಿಲ್ಲ' ಅಂತ ಹೇಳಿಬಿಟ್ಟರೆ ಒಂದು ಲೆಕ್ಕ. ಸುಮ್ನೆ ಸೀಲು ಹೊಡೆದು ಕಳಿಸಿದರೆ ಅರ್ಜಿದಾರರು ಕೆಲಸ ಆಯಿತು ಅಂದುಕೊಂಡು ಮನೆಗೆ ಹೋಗುತ್ತಾರೆ. ಎರಡನೆಯದೇ ಅಪಾಯ, ಅಲ್ವಾ?

ಲಿನಕ್ಸ್‌ನಲ್ಲಿ ಇದಕ್ಕೊಂದು ಕಟ್ಟುನಿಟ್ಟಿನ ನಿಯಮ ಇದೆ. ನಿನ್ನೆ ಓಡುತ್ತಿದ್ದ ಆ್ಯಪ್ ಕರ್ನಲ್ ಬದಲಾದ ಕಾರಣಕ್ಕೆ ಇವತ್ತು ನಿಲ್ಲಬಾರದು. ನಿಂತರೆ ಆ್ಯಪ್ ಬರೆದವರ ತಪ್ಪು ಎನ್ನುವ ಹಾಗಿಲ್ಲ. ಆದ್ದರಿಂದ ಆ್ಯಪ್‌ಗಳಿಗೆ ಒಮ್ಮೆ ತೆರೆದುಕೊಟ್ಟ ಬಾಗಿಲಿನ ಆಕಾರ ಶಾಶ್ವತ ಅಂತಲೇ ಭಾವಿಸಿ ಕೆಲಸ ಮಾಡಬೇಕು.

ಮೂರೇ ಆರ್ಗ್ಯುಮೆಂಟ್, ನೂರಾರು ಕೆಲಸ

ಡ್ರೈವರ್‌ಗಳಿಗೆ ಇರುವ ತುಂಬಾ ಹಳೆಯ ಬಾಗಿಲುಗಳಲ್ಲಿ ಒಂದು ಐಆಕ್ಟಲ್. ಯುನಿಕ್ಸ್ ಎಂಬ ಹಳೇ ಆಪರೇಟಿಂಗ್ ಸಿಸ್ಟಂನ 1979ರ 7ನೆಯ ಆವೃತ್ತಿಯಲ್ಲಿ ಬಂದದ್ದು ಇವತ್ತಿಗೂ ಓಡುತ್ತಿದೆ. ಓದುವುದು, ಬರೆಯುವುದು ಎಲ್ಲ ಸಾಧನಕ್ಕೂ ಸಾಮಾನ್ಯ. ಆದರೆ ಮೋಡೆಮ್‌ಗೆ ವೇಗ ಹೊಂದಿಸಬೇಕು, ಕ್ಯಾಮೆರಾಗೆ ಬೆಳಕು ಹೊಂದಿಸಬೇಕು, ಸಿಡಿ ಡ್ರೈವ್‌ಗೆ ಟ್ರೇ ಹೊರಗೆ ತಳ್ಳು ಅನ್ನಬೇಕು. ಒಂದೊಂದಕ್ಕೂ ಬೇರೆ ಫಂಕ್ಷನ್ ಇಟ್ಟರೆ ಕರ್ನಲ್ ತುಂಬಾ ಅವೇ ಆಗುತ್ತವೆ. ಅದಕ್ಕೆ ಎಲ್ಲಕ್ಕೂ ಒಂದೇ ಫಂಕ್ಷನ್. ಯಾವ ಸಾಧನ, ಯಾವ ಆಜ್ಞೆ, ಆ ಆಜ್ಞೆಗೆ ಬೇಕಾದ ವಿವರ ಎಲ್ಲಿದೆ, ಇಷ್ಟೇ ಮೂರು ಆರ್ಗ್ಯುಮೆಂಟ್.

ಈ ಮೂರನೆಯದರಲ್ಲೇ ಎಲ್ಲ ಸಡಿಲಿಕೆಯೂ, ಎಲ್ಲ ಅಪಾಯವೂ ಇದೆ. ಸಿ ಭಾಷೆಯ ಘೋಷಣೆಯಲ್ಲಿ ಅದರ ಜಾಗದಲ್ಲಿ ಬರೀ ಮೂರು ಚುಕ್ಕಿ ಇರುತ್ತದೆ. 'ಇಲ್ಲಿ ಏನಾದರೂ ಬರಬಹುದು' ಅಂತ ಅರ್ಥ. ಪರದೆ ಮೇಲೆ ಅಕ್ಷರ ಮೂಡಿಸುವ ಪ್ರಿಂಟ್‌ಎಫ್ ಫಂಕ್ಷನ್‌ನಲ್ಲೂ ಇದೇ ಮೂರು ಚುಕ್ಕಿ ಇದೆ, ಆದರೆ ಅಲ್ಲಿ ಮುಂದೆ ಏನು ಬರುತ್ತದೆ ಎಂದು ಫಾರ್ಮ್ಯಾಟ್ ಸಾಲು ಹೇಳುತ್ತದೆ. ಸಾಲಿಗೂ ಆರ್ಗ್ಯುಮೆಂಟ್‌ಗೂ ತಾಳೆಯಾಗದಿದ್ದರೆ ಕೋಡನ್ನು ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ತರುವ ಈಗಿನ ಕಂಪೈಲರ್‌ಗಳು ಎಚ್ಚರಿಸುತ್ತವೆ. ಐಆಕ್ಟಲ್‌ನಲ್ಲಿ ಆ ಕಾವಲು ಇಲ್ಲ. ಕ್ಯಾಮೆರಾ ಆಜ್ಞೆಗೆ ಪ್ರಿಂಟರ್‌ನ ಸ್ಟ್ರಕ್ಟ್ ಕೊಟ್ಟರೂ ಕಂಪೈಲರ್ ಚಕಾರ ಎತ್ತುವುದಿಲ್ಲ.

ಹಾಗಾಗಿ ಲಿನಕ್ಸ್‌ನವರು ಆಜ್ಞೆಯ ಸಂಖ್ಯೆಯೊಳಗೇ ಒಂದಿಷ್ಟು ಮಾಹಿತಿ ತುಂಬಿಟ್ಟರು. ಒಂದನ್ನು ಬಿಡಿಸಿ ನೋಡೋಣ. ವೆಬ್‌ಕ್ಯಾಮ್‌ಗೆ ಆ್ಯಪ್ ಕೇಳುವ ಮೊದಲ ಪ್ರಶ್ನೆ 'ನೀನು ಯಾರು, ನಿನ್ನ ಕೈಲಿ ಏನೇನು ಆಗುತ್ತದೆ?' ಅಂತ. ಈ ಆಜ್ಞೆಗೆ ಕ್ವೆರಿಕ್ಯಾಪ್ ಎಂದು ಹೆಸರು. ಹೆಕ್ಸಾಡೆಸಿಮಲ್‌ನಲ್ಲಿ, ಅಂದರೆ ಹತ್ತರ ಬದಲು ಹದಿನಾರರಲ್ಲಿ ಎಣಿಸುವ ಪದ್ಧತಿಯಲ್ಲಿ, ಅದರ ಸಂಖ್ಯೆ 80685600. ಹಿಂದಿನಿಂದ ಓದಿಕೊಂಡು ಬನ್ನಿ. ಕೊನೆಯ 00, ಇದು ಈ ಗುಂಪಿನ ಸೊನ್ನೆಯನೇ ಆಜ್ಞೆ ಎನ್ನುತ್ತದೆ. ಅದರ ಹಿಂದಿನ 56, ಇಂಗ್ಲಿಷ್‌ನ ದೊಡ್ಡ 'ವಿ' ಅಕ್ಷರದ ಸಂಕೇತ, ವೀಡಿಯೊ ಗುಂಪಿನ ಗುರುತು. ಅದರ ಹಿಂದಿನ 68, ನಮ್ಮ ಲೆಕ್ಕದಲ್ಲಿ 104. ಅಂದರೆ ಸ್ಟ್ರಕ್ಟ್‌ನ ಉದ್ದ 104 ಬೈಟ್. ಎಲ್ಲಕ್ಕಿಂತ ಮುಂದಿನ 80ರಲ್ಲಿ ಅಡಗಿರುವ 2 ಬಿಟ್‌ಗಳು (0 ಅಥವಾ 1 ಮಾತ್ರ ಇರಬಲ್ಲ ಪುಟ್ಟ ಜಾಗಗಳು) ಮಾಹಿತಿ ಯಾವ ಕಡೆಗೆ ಹರಿಯುತ್ತದೆ ಎಂದು ಹೇಳುತ್ತವೆ. ಇಲ್ಲಿ ಕರ್ನಲ್‌ನಿಂದ ಆ್ಯಪ್ ಕಡೆಗೆ.

ಮಾಮೂಲಿ ಲ್ಯಾಪ್‌ಟಾಪ್, ಫೋನ್‌ಗಳಲ್ಲಿ ಉದ್ದಕ್ಕೆ ಮೀಸಲಾಗಿರುವುದು 14 ಬಿಟ್, ಹಾಗಾಗಿ 16,383 ಬೈಟ್‌ಗಿಂತ ದೊಡ್ಡ ಉದ್ದವನ್ನು ಸಂಖ್ಯೆಯಲ್ಲಿ ಹೇಳಲಾಗುವುದಿಲ್ಲ. ಅಷ್ಟು ದೊಡ್ಡದು ಬೇಕೆನಿಸಿದರೆ ವಿನ್ಯಾಸದಲ್ಲೇ ಏನೋ ಎಡವಟ್ಟಾಗಿದೆ ಅಂತ ನನ್ನ ಅನಿಸಿಕೆ.

ಉದ್ದ ಸಂಖ್ಯೆಯೊಳಗೇ ಇರುವುದರಿಂದ ಒಂದು ಪರಿಣಾಮ ಇದೆ. ಸ್ಟ್ರಕ್ಟ್‌ಗೆ ಒಂದು ಫೀಲ್ಡ್ ಸೇರಿಸಿ ಉದ್ದ ಬದಲಾಯಿತು ಅಂದುಕೊಳ್ಳಿ. ಆಜ್ಞೆಯ ಸಂಖ್ಯೆಯೇ ಬದಲಾಗುತ್ತದೆ. ಹಳೇ ಆ್ಯಪ್ ಹಳೇ ಸಂಖ್ಯೆ ಹೇಳುತ್ತದೆ, ಹೊಸ ಡ್ರೈವರ್‌ಗೆ ಅದು ಗೊತ್ತೇ ಇಲ್ಲ. ಮೆಮೊರಿ ಕೆಡುವುದಿಲ್ಲ ಎಂಬುದು ಲಾಭ. ಹಳೇ ಆ್ಯಪ್ ನಿಂತುಹೋಗುತ್ತದೆ ಎಂಬುದು ನಷ್ಟ.

ಮುಂದಕ್ಕೆ ಬಿಟ್ಟ ಖಾಲಿ ಜಾಗ

ಆ 104 ಬೈಟ್‌ಗಳಲ್ಲಿ ಏನೇನಿದೆ ನೋಡಿ. ಡ್ರೈವರ್ ಹೆಸರಿಗೆ 16, ಕಾರ್ಡ್ ಹೆಸರಿಗೆ 32, ಅದು ಎಲ್ಲಿ ಜೋಡಣೆಯಾಗಿದೆ ಎಂಬುದಕ್ಕೆ 32. ಆಮೇಲೆ ಆವೃತ್ತಿ, ಒಟ್ಟು ಸಾಮರ್ಥ್ಯ, ಈ ಒಂದು ಸಾಧನದ ಸಾಮರ್ಥ್ಯ, ತಲಾ 4. ಉಳಿದ 12 ಬೈಟ್ 'ರಿಸರ್ವ್ಡ್'. ಅಂದರೆ ಸದ್ಯಕ್ಕೆ ಯಾವ ಕೆಲಸಕ್ಕೂ ಇಲ್ಲ.

ಮೊದಲು ಈ ಮೀಸಲು ಜಾಗ 16 ಬೈಟ್ ಇತ್ತು. ಒಂದೇ ಯಂತ್ರಾಂಶ ಹಲವು ಸಾಧನಗಳಾಗಿ ಕಾಣಿಸಿಕೊಳ್ಳುವ ಕಾಲ ಬಂದಾಗ 'ಈ ಒಂದು ಸಾಧನದ ಸಾಮರ್ಥ್ಯ' ಎಂಬ ಹೊಸ ಫೀಲ್ಡ್ ಬೇಕಾಯಿತು. ಅದಕ್ಕೆ ಮೀಸಲಿನಿಂದ 4 ಬೈಟ್ ತೆಗೆದುಕೊಂಡರು. ಉದ್ದ 104ರಲ್ಲೇ ಉಳಿಯಿತು, ಆಜ್ಞೆಯ ಸಂಖ್ಯೆಯೂ ಉಳಿಯಿತು, ಹಳೇ ಆ್ಯಪ್‌ಗಳಿಗೆ ಏನೂ ಗೊತ್ತಾಗಲೇ ಇಲ್ಲ. ಹೊಸ ಆ್ಯಪ್ ಹಳೇ ಕರ್ನಲ್ ಮೇಲೆ ಓಡಿದರೆ? ಅದಕ್ಕೂ ದಾರಿ ಮಾಡಿದರು. ಒಟ್ಟು ಸಾಮರ್ಥ್ಯದ ಫೀಲ್ಡಿನಲ್ಲಿ ಒಂದು ಬಿಟ್ ಅನ್ನು 'ಹೊಸ ಫೀಲ್ಡ್ ತುಂಬಿದ್ದೇನೆ' ಎಂಬ ಗುರುತಿಗೆ ಇಟ್ಟರು. ಆ ಗುರುತು ಕಂಡರೆ ಮಾತ್ರ ಆ್ಯಪ್ ಹೊಸ ಫೀಲ್ಡ್ ಓದಬೇಕು.

ಇಲ್ಲಿ ಮಾಹಿತಿ ಕರ್ನಲ್‌ನಿಂದ ಆ್ಯಪ್‌ಗೆ ಹರಿಯುತ್ತಿತ್ತು. ಆ್ಯಪ್‌ನಿಂದ ಕರ್ನಲ್‌ಗೆ ಹರಿಯುವಾಗ ಬರೀ ಜಾಗ ಬಿಟ್ಟರೆ ಸಾಲದು. 'ಮೀಸಲು ಫೀಲ್ಡ್‌ಗಳಲ್ಲಿ ಸೊನ್ನೆ ಇಡಿ' ಎಂದು ಕೈಪಿಡಿಯಲ್ಲಿ ಬರೆದಿರುತ್ತದೆ, ಎಲ್ಲರೂ ಇಡುವುದಿಲ್ಲ. ಮೆಮೊರಿಯಲ್ಲಿ ಹಿಂದೆ ಉಳಿದಿದ್ದ ಕಸವನ್ನೇ ಹಾಗೇ ಕಳಿಸುವ ಆ್ಯಪ್‌ಗಳೂ ಇರುತ್ತವೆ. ಡ್ರೈವರ್ ನೋಡದೆ ಬಿಟ್ಟರೆ ಅವು ಚೆನ್ನಾಗಿಯೇ ಓಡುತ್ತಿರುತ್ತವೆ. ಮೂರು ವರ್ಷದ ನಂತರ ಡ್ರೈವರ್ ಆ ಫೀಲ್ಡಿಗೆ ಒಂದು ಅರ್ಥ ಕೊಟ್ಟಿತು ಅನ್ನಿ. ಅವತ್ತು ಆ ಕಸವೇ ಆಜ್ಞೆಯಾಗುತ್ತದೆ. ಓಡುತ್ತಿದ್ದ ಆ್ಯಪ್ ಮುರಿಯಿತು, ನಿಯಮ ತಪ್ಪಿತು, ಬದಲಾವಣೆ ವಾಪಸ್. ಹೀಗೆ ಮೀಸಲು ಜಾಗ ಕಣ್ಣೆದುರಿಗಿದ್ದೂ ಬಳಸಲಾಗದ ಜಾಗವಾಗುತ್ತದೆ.

ಪರಿಹಾರ ಸರಳ. ಮೀಸಲು ಫೀಲ್ಡಿನಲ್ಲಿ ಸೊನ್ನೆ ಬಿಟ್ಟು ಬೇರೆ ಏನಿದ್ದರೂ ಡ್ರೈವರ್ ಮೊದಲ ದಿನದಿಂದಲೇ ಕರೆಯನ್ನು ತಿರಸ್ಕರಿಸಬೇಕು. ಮುಂದೆ ಹಿಗ್ಗಬೇಕಾದ ವಿನ್ಯಾಸ ಇವತ್ತು ಬಿಗಿಯಾಗಿರಬೇಕು. ಹೊಸಬರು ಇದನ್ನು ಉಲ್ಟಾ ತಿಳಿದುಕೊಳ್ಳುವುದೇ ಹೆಚ್ಚು. 'ಗೊತ್ತಿಲ್ಲದ್ದನ್ನು ನೋಡಿಯೂ ನೋಡದ ಹಾಗೆ ಬಿಡೋಣ, ಅದೇ ಸಡಿಲ' ಅಂದುಕೊಳ್ಳುತ್ತಾರೆ.

ಓಪನ್ ಕರೆಯ ಪಾಠ

ಉಲ್ಟಾ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಫೈಲ್ ತೆರೆಯಲು ಆ್ಯಪ್ ಕರ್ನಲ್‌ಗೆ ಮಾಡುವ ಓಪನ್ ಕರೆಯೇ ಸಾಕ್ಷಿ. ಇದರ ಒಂದು ಆರ್ಗ್ಯುಮೆಂಟ್ ಫ್ಲಾಗ್‌ಗಳದ್ದು. ಫ್ಲಾಗ್ ಅಂದರೆ ಹೌದು ಅಥವಾ ಇಲ್ಲ ಎಂದು ಹೇಳುವ ಒಂದೊಂದು ಬಿಟ್. ತನಗೆ ಗೊತ್ತಿಲ್ಲದ ಫ್ಲಾಗ್ ಬಂದರೆ ಓಪನ್ ತೆಪ್ಪಗೆ ಬಿಟ್ಟುಬಿಡುತ್ತದೆ. ಅದು ಮೊದಲಿನಿಂದ ಹಾಗೇ, ಈಗ ಬದಲಿಸುವ ಹಾಗಿಲ್ಲ.

2013ರಲ್ಲಿ ಲಿನಕ್ಸ್ 3.11ರಲ್ಲಿ ಹೆಸರಿಲ್ಲದ ತಾತ್ಕಾಲಿಕ ಫೈಲ್ ಮಾಡುವ ಟಿಎಂಪಿಫೈಲ್ ಫ್ಲಾಗ್ ತರಬೇಕಾಯಿತು. ಹೊಸ ಬಿಟ್ ಒಂದನ್ನೇ ಇಟ್ಟರೆ ಹಳೇ ಕರ್ನಲ್ ಅದನ್ನು ಗಮನಿಸದೆ ಬೇರೇನೋ ಮಾಡುವ ಅಪಾಯ. ಅದಕ್ಕೆ ಹೊಸ ಬಿಟ್ ಜೊತೆಗೆ, ಹಳೇ ಕರ್ನಲ್‌ಗೂ ಗೊತ್ತಿದ್ದ 'ಇದು ಡೈರೆಕ್ಟರಿಯೇ (ಫೋಲ್ಡರ್) ಆಗಿರಬೇಕು' ಎಂಬ ಫ್ಲಾಗನ್ನೂ ಸೇರಿಸಿ ಒಂದೇ ಫ್ಲಾಗ್ ಮಾಡಿದರು. ಇದನ್ನು ಬರೆಯುವ ಅನುಮತಿಯ ಜೊತೆಗೇ ಕೇಳಬೇಕು ಎಂದೂ ನಿಯಮ ಇಟ್ಟರು. ಹಳೇ ಕರ್ನಲ್‌ಗೆ ಇದು 'ಡೈರೆಕ್ಟರಿಯನ್ನು ಬರೆಯಲು ತೆರೆ' ಎಂದು ಕೇಳಿಸುತ್ತದೆ. ಡೈರೆಕ್ಟರಿಯನ್ನು ಹಾಗೆ ತೆರೆಯಲಾಗದು, ದೋಷ ಹೇಳಿ ವಾಪಸ್ ಕಳಿಸುತ್ತದೆ. ಚಾಣಾಕ್ಷ ಉಪಾಯ, ಒಪ್ಪಲೇಬೇಕು. ಆದರೆ ಇಂಥ ಉಪಾಯ ಪ್ರತಿ ಸಲ ಸಿಗುವುದಿಲ್ಲ. 2020ರಲ್ಲಿ ಲಿನಕ್ಸ್ 5.6ರ ಜೊತೆ ಬಂದ ಓಪನ್‌ಎಟ್2 ಕರೆ ಗೊತ್ತಿಲ್ಲದ ಫ್ಲಾಗ್ ಕಂಡರೆ ನೇರವಾಗಿ ತಿರಸ್ಕರಿಸುತ್ತದೆ.

ಫ್ಲಾಗ್‌ಗೆ ಜಾಗವನ್ನೇ ಇಡದ ಕರೆಗಳ ಕಥೆ ಇನ್ನೊಂದು. ತೆರೆದ ಫೈಲು ಬೇರೆ ಪ್ರೋಗ್ರಾಂಗೆ ಸೋರದಂತೆ ಹುಟ್ಟುವಾಗಲೇ ಗುರುತು ಹಾಕಬೇಕು ಎಂಬ ಅಗತ್ಯ ಬಂದಾಗ, 2008ರಲ್ಲಿ ಲಿನಕ್ಸ್ 2.6.27ಕ್ಕೆ ಡಪ್3, ಪೈಪ್2, ಇವೆಂಟ್‌ಎಫ್‌ಡಿ2 ಹೀಗೆ 6 ಹೊಸ ಕರೆಗಳನ್ನು ಒಟ್ಟಿಗೇ ಸೇರಿಸಬೇಕಾಯಿತು. ಹೆಸರಿನ ಕೊನೆಯ ಆ ಅಂಕಿಗಳೆಲ್ಲ ಅಲ್ಲಿಂದ ಬಂದವು.

ಉದ್ದವನ್ನೂ ಹೇಳಿಬಿಡಿ

ಮೀಸಲು ಜಾಗ ಎಷ್ಟು ಬಿಟ್ಟರೂ ಒಂದು ದಿನ ಮುಗಿಯುತ್ತದೆ. ಈಗ ಹೆಚ್ಚು ಒಪ್ಪಿತವಾದ ದಾರಿ ಬೇರೆ. ಸ್ಟ್ರಕ್ಟ್ ಜೊತೆಗೆ ಅದರ ಉದ್ದವನ್ನೂ ಆ್ಯಪ್ ಹೇಳಬೇಕು. 'ನನ್ನ ಬಳಿ ಇರುವ ನಕ್ಷೆಯ ಪ್ರಕಾರ ಇದು 64 ಬೈಟ್' ಅಂತ. ವಿಂಡೋಸ್‌ನಲ್ಲಿ ಇದು ಹಳೇ ಅಭ್ಯಾಸ. ಅಲ್ಲಿ ಐಆಕ್ಟಲ್‌ಗೆ ಸಮನಾದ ಡಿವೈಸ್‌ಐಒಕಂಟ್ರೋಲ್ ಕರೆಯಲ್ಲಿ ಕಳಿಸುವ ಮಾಹಿತಿಗೂ ಪಡೆಯುವ ಮಾಹಿತಿಗೂ ಬೇರೆ ಬೇರೆ ಉದ್ದ ಹೇಳಲೇಬೇಕು.

ಲಿನಕ್ಸ್‌ನಲ್ಲಿ ಕ್ಲೋನ್3 ಕರೆಯನ್ನು ನೋಡಿ. ಇದು ಡ್ರೈವರ್ ಅಲ್ಲ, ಹೊಸ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಹುಟ್ಟಿಸುವ ಕರೆ, ಆದರೆ ತತ್ವ ಇಲ್ಲಿ ನಿಚ್ಚಳವಾಗಿ ಕಾಣುತ್ತದೆ. 2019ರಲ್ಲಿ ಲಿನಕ್ಸ್ 5.3ರಲ್ಲಿ ಬಂದಾಗ ಅದರ ಸ್ಟ್ರಕ್ಟ್ 64 ಬೈಟ್ ಇತ್ತು. 5.5ರಲ್ಲಿ 80 ಆಯಿತು, 5.7ರಲ್ಲಿ 88. ಹೊಸ ಫೀಲ್ಡ್‌ಗಳು ಯಾವಾಗಲೂ ಕೊನೆಗೇ ಸೇರಿದವು, ನಡುವೆ ತುರುಕಲಿಲ್ಲ.

ಈಗ ಲಿನಕ್ಸ್ 5.7 ಓಡುತ್ತಿರುವ ಯಂತ್ರಕ್ಕೆ ಹಳೇ ಆ್ಯಪ್ 64 ಬೈಟ್ ತಂದಿತು ಅನ್ನಿ. ಕರ್ನಲ್ 64 ಬೈಟ್ ನಕಲು ಮಾಡಿಕೊಂಡು ಉಳಿದ 24ರಲ್ಲಿ ಸೊನ್ನೆ ತುಂಬಿಕೊಳ್ಳುತ್ತದೆ. ಸೊನ್ನೆ ಅಂದರೆ 'ಹಳೇ ರೀತಿಯಲ್ಲೇ ನಡೆ' ಎಂದು ಮೊದಲೇ ಒಪ್ಪಂದ ಇರುವುದರಿಂದ ಕೆಲಸ ಮೊದಲಿನಂತೆಯೇ ಆಗುತ್ತದೆ. ತಿರುಗಿಸಿ ನೋಡಿ. ಹೊಸ ಆ್ಯಪ್ 88 ಬೈಟ್ ಹಿಡಿದುಕೊಂಡು 64 ಮಾತ್ರ ಗೊತ್ತಿರುವ 5.3 ಕರ್ನಲ್‌ಗೆ ಬಂತು. ಕರ್ನಲ್ ತನಗೆ ಅರ್ಥವಾಗದ 24 ಬೈಟ್‌ಗಳನ್ನು ಒಂದೊಂದಾಗಿ ನೋಡುತ್ತದೆ. ಎಲ್ಲವೂ ಸೊನ್ನೆಯಾದರೆ ಆ್ಯಪ್ ಹೊಸ ಸೌಲಭ್ಯ ಏನನ್ನೂ ಕೇಳಿಲ್ಲ ಎಂದರ್ಥ, ಕೆಲಸ ನಡೆಯುತ್ತದೆ. ಒಂದೇ ಒಂದು ಬೈಟ್ ಸೊನ್ನೆ ಅಲ್ಲದಿದ್ದರೂ ಕರೆ ವಾಪಸ್.

ಈ ಪರೀಕ್ಷೆಯನ್ನು ಪ್ರತಿಯೊಬ್ಬರೂ ತಮ್ಮದೇ ರೀತಿ ಬರೆದು ತಪ್ಪು ಮಾಡುವುದು ಬೇಡ ಎಂದು 2019ರ ಲಿನಕ್ಸ್ 5.4ರಲ್ಲಿ ಕಾಪಿ ಸ್ಟ್ರಕ್ಟ್ ಫ್ರಮ್ ಯೂಸರ್ ಎಂಬ ಸಿದ್ಧ ಫಂಕ್ಷನ್ ಸೇರಿತು. ಗ್ರಾಫಿಕ್ಸ್ ಡ್ರೈವರ್‌ಗಳ ಡಿಆರ್‌ಎಂ ವಿಭಾಗದಲ್ಲಿ ಇದಕ್ಕೆ ಹತ್ತಿರದ ಒಂದು ಏರ್ಪಾಡಿದೆ. ಅಲ್ಲಿ ಐಆಕ್ಟಲ್ ಸಂಖ್ಯೆಯ ಕೊನೆಯ ಭಾಗದಿಂದ ಮಾತ್ರ ಆಜ್ಞೆಯನ್ನು ಗುರುತಿಸುತ್ತಾರೆ. ಸಂಖ್ಯೆಯೊಳಗಿನ ಉದ್ದ ಕಡಿಮೆ ಇದ್ದರೆ ಉಳಿದದ್ದಕ್ಕೆ ಸೊನ್ನೆ ತುಂಬುತ್ತಾರೆ. ಹಾಗಾಗಿ ಉದ್ದ ಬೆಳೆದರೂ ಹಳೇ ಆ್ಯಪ್ ನಿಲ್ಲುವುದಿಲ್ಲ.

ಕಾಣದ ಬೈಟ್‌ಗಳು

ಒಂದು 4 ಬೈಟ್‌ನ ಫೀಲ್ಡ್, ಅದರ ಮುಂದೆ 8 ಬೈಟ್‌ನದ್ದು. ಒಟ್ಟು ಎಷ್ಟು? 32 ಬಿಟ್ ಇಂಟೆಲ್ ಯಂತ್ರದಲ್ಲಿ 12. ಅದೇ ಕೋಡ್ 64 ಬಿಟ್‌ನಲ್ಲಿ 16, ಏಕೆಂದರೆ ಅಲ್ಲಿ ಕಂಪೈಲರ್ 8 ಬೈಟ್‌ನ ಫೀಲ್ಡನ್ನು 8ರ ಗುಣಕದ ಜಾಗದಲ್ಲೇ ಕೂರಿಸುತ್ತದೆ, ನಡುವೆ 4 ಬೈಟ್ ಖಾಲಿ ಬಿಡುತ್ತದೆ. ಇದಕ್ಕೆ ಪ್ಯಾಡಿಂಗ್ ಅಂತಾರೆ. 32 ಬಿಟ್ ಆ್ಯಪ್ 64 ಬಿಟ್ ಕರ್ನಲ್ ಮೇಲೆ ಓಡಿದಾಗ ನಕ್ಷೆಗಳು ಬೇರೆಯಾಗುತ್ತವೆ, ಉದ್ದ ಸಂಖ್ಯೆಯೊಳಗೆ ಇರುವುದರಿಂದ ಆಜ್ಞೆಯ ಸಂಖ್ಯೆಯೂ ಬೇರೆ. ಆಗ ನಡುವೆ ಅನುವಾದ ಮಾಡುವ ಹೆಚ್ಚುವರಿ ಕೋಡ್ ಬರೆಯಬೇಕು.

ಅನುಭವಸ್ಥರು ಆ 4 ಬೈಟ್‌ಗೆ ತಾವೇ ಒಂದು ಹೆಸರು ಕೊಟ್ಟು ಫೀಲ್ಡ್ ಮಾಡಿಬಿಡುತ್ತಾರೆ. ಪಾಯಿಂಟರ್ ಕಳಿಸಬೇಕಾದರೂ ಅದನ್ನು ಯಾವಾಗಲೂ 8 ಬೈಟ್‌ನ ಸಂಖ್ಯೆಯಾಗಿಯೇ ಕಳಿಸುತ್ತಾರೆ. ಇನ್ನೊಂದು ಕಾರಣಕ್ಕೂ ಇದು ಒಳ್ಳೆಯದು. ಡ್ರೈವರ್ ಉತ್ತರ ಕಳಿಸುವಾಗ ಪ್ಯಾಡಿಂಗ್ ಒರೆಸದೆ ಬಿಟ್ಟರೆ ಕರ್ನಲ್‌ನ ಮೆಮೊರಿಯಲ್ಲಿ ಹಿಂದೆ ಇದ್ದ ಯಾವುದೋ ಮಾಹಿತಿ ಅದರ ಜೊತೆ ಆ್ಯಪ್‌ಗೆ ಸೋರುತ್ತದೆ. ಇಂಥ ಸೋರಿಕೆಗಳನ್ನು ಸೆಕ್ಯುರಿಟಿ ದೋಷಗಳೆಂದೇ ಎಣಿಸಿ ಸರಿಪಡಿಸುತ್ತಾರೆ.

ಕರ್ನಲ್ ಒಳಗಿನ ಮಾತೇ ಬೇರೆ

ಇಲ್ಲಿಯವರೆಗೆ ಹೇಳಿದ್ದೆಲ್ಲ ಆ್ಯಪ್ ಮತ್ತು ಡ್ರೈವರ್ ನಡುವಿನ ಗಡಿಯದ್ದು. ಕರ್ನಲ್ ಒಳಗೆ ಫಂಕ್ಷನ್‌ಗಳು ಒಂದನ್ನೊಂದು ಕರೆಯುವಾಗ ಇಷ್ಟು ಬಿಗಿ ಬೇಕಿಲ್ಲ. ಆರ್ಗ್ಯುಮೆಂಟ್ ಬದಲಿಸಿದರೆ ಅದನ್ನು ಕರೆಯುವ ಎಲ್ಲ ಕಡೆಯೂ ಅದೇ ಸಲ ತಿದ್ದಿಬಿಡುತ್ತಾರೆ. ಕೋಡ್ ಎಲ್ಲ ಒಂದೇ ಕಡೆ ಇರುವುದರ ಲಾಭ ಇದು. ಹೊರಗೆ ಇಟ್ಟುಕೊಂಡ ಡ್ರೈವರ್‌ಗಳಿಗೆ ಮಾತ್ರ ಪ್ರತಿ ಆವೃತ್ತಿಯೂ ಕಾಟ.

ಆದರೂ ಒಂದು ಸಡಿಲಿಕೆ ಅಲ್ಲೂ ಬೇಕು. ಕರ್ನಲ್‌ಗೆ ಡ್ರೈವರ್ 'ಈ ಸಾಧನ ಗಂಟೆ ಬಾರಿಸಿದರೆ ನನ್ನ ಈ ಫಂಕ್ಷನ್ ಕರೆ' ಎಂದು ಹೇಳಿಟ್ಟಿರುತ್ತದೆ. ಕರ್ನಲ್‌ಗೆ ಆ ಡ್ರೈವರ್‌ನ ಸ್ವಂತ ವಿವರಗಳು ಗೊತ್ತಿರುವುದಿಲ್ಲ. ಅದಕ್ಕೆ ನೋಂದಾಯಿಸುವಾಗಲೇ ಯಾವ ಜಾತಿಯದೆಂದು ಹೇಳದ ಒಂದು ಪಾಯಿಂಟರ್ ಕೊಡುತ್ತಾರೆ. ಕರ್ನಲ್ ಅದನ್ನು ಬಿಚ್ಚಿ ನೋಡದೆ ಕರೆಯುವಾಗ ಹಾಗೇ ವಾಪಸ್ ಕೊಡುತ್ತದೆ.

ಇಲ್ಲ ಅನ್ನುವುದನ್ನೂ ಸರಿಯಾಗಿ ಹೇಳಬೇಕು

ತಿರಸ್ಕಾರದಲ್ಲೂ ಬಗೆಗಳಿವೆ. ಆಜ್ಞೆಯೇ ಗೊತ್ತಿಲ್ಲದಿದ್ದರೆ ಒಂದು ದೋಷ ಸಂಖ್ಯೆ, ಫ್ಲಾಗ್ ಗೊತ್ತಿಲ್ಲದಿದ್ದರೆ ಇನ್ನೊಂದು, ಸ್ಟ್ರಕ್ಟ್ ಅರ್ಥವಾಗದಷ್ಟು ಉದ್ದವಾದರೆ ಮತ್ತೊಂದು. ಯಾವುದು ಬಂತೆಂದು ನೋಡಿ ಆ್ಯಪ್ ಹಳೇ ದಾರಿಗೆ ಹೊರಳಬಹುದು. ಎಲ್ಲಕ್ಕೂ ಒಂದೇ ದೋಷ ಹೇಳುವ ಡ್ರೈವರ್ ಆ್ಯಪ್ ಬರೆಯುವವರನ್ನು ಕತ್ತಲಲ್ಲಿ ತಡಕಾಡಿಸುತ್ತದೆ.

ಕೆಲವು ಡ್ರೈವರ್‌ಗಳು ಮೊದಲೇ ಕೇಳಿ ತಿಳಿದುಕೊಳ್ಳಲು ಅವಕಾಶ ಕೊಡುತ್ತವೆ. ವರ್ಚುವಲ್ ಯಂತ್ರಗಳನ್ನು, ಅಂದರೆ ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್‌ನಿಂದಲೇ ಕಟ್ಟಿದ ಕಂಪ್ಯೂಟರ್‌ಗಳನ್ನು, ನಡೆಸುವ ಕೆವಿಎಂಗೆ ಆವೃತ್ತಿ ಕೇಳಿದರೆ ಲಿನಕ್ಸ್ 2.6.22ರಿಂದ ಇಲ್ಲಿಯವರೆಗೆ ಒಂದೇ ಉತ್ತರ, 12. ಅಷ್ಟು ವರ್ಷಗಳಲ್ಲಿ ಅದಕ್ಕೆ ಎಷ್ಟೋ ಹೊಸ ಸೌಲಭ್ಯ ಸೇರಿವೆ, ಆದರೆ ಆವೃತ್ತಿ ಸಂಖ್ಯೆ ಏರಿಸಲಿಲ್ಲ. ಬೇಕಾದ ಸೌಲಭ್ಯದ ಹೆಸರು ಹೇಳಿ 'ಇದು ನಿನ್ನಲ್ಲಿ ಇದೆಯಾ' ಎಂದು ಕೇಳುವ ಬೇರೆ ಆಜ್ಞೆ ಇಟ್ಟರು. ಇದು ಹೆಚ್ಚು ಜಾಣತನ. ಒಂದು ಸೌಲಭ್ಯವನ್ನು ಹಳೇ ಕರ್ನಲ್‌ಗೆ ಯಾರಾದರೂ ಒಯ್ದು ಸೇರಿಸಿದ್ದರೆ ಆವೃತ್ತಿ ಸಂಖ್ಯೆಯಿಂದ ಅದು ತಿಳಿಯುವುದಿಲ್ಲ, ನೇರವಾಗಿ ಕೇಳಿದರೆ ತಿಳಿಯುತ್ತದೆ.

ಇದನ್ನೆಲ್ಲ ಕಣ್ಣಾರೆ ನೋಡಬೇಕೆಂದಿದ್ದರೆ ಲಿನಕ್ಸ್ ಇರುವ ಲ್ಯಾಪ್‌ಟಾಪ್‌ನಲ್ಲಿ ಎಸ್‌ಟ್ರೇಸ್ ಎಂಬ ಸಲಕರಣೆಯ ಮೂಲಕ ಕ್ಯಾಮೆರಾ ಆ್ಯಪ್ ಒಂದನ್ನು ಓಡಿಸಿ. ಆ್ಯಪ್ ಕರ್ನಲ್‌ಗೆ ಕಳಿಸುವ ಒಂದೊಂದು ಕರೆಯೂ ಸಾಲು ಸಾಲಾಗಿ ಬರುತ್ತದೆ. ನೂರಾರು ಸಾಲುಗಳ ನಡುವೆ ಕ್ವೆರಿಕ್ಯಾಪ್ ಹುಡುಕಿ. ಅದರ ಪಕ್ಕದ ಬ್ರಾಕೆಟ್‌ನಲ್ಲಿ ಡ್ರೈವರ್ ಹೆಸರು, ನಿಮ್ಮ ಕ್ಯಾಮೆರಾದ ಹೆಸರು, ಸಾಮರ್ಥ್ಯದ ಬಿಟ್‌ಗಳು ಬಿಡಿಸಿದ ರೂಪದಲ್ಲೇ ಇರುತ್ತವೆ.